ಒತ್ತೆಯಾಳಿನ ಚಹಾ

ಕೊಲ್ಲಿ ದೇಶದ ಜುಫೈರಿನಲ್ಲಿ ನಮ್ಮ ಹೋಟೆಲಿನ ಎರಡನೆಯ ಮಹಡಿಯಲ್ಲಿದ್ದ ಬ್ಯಾಂಕ್ವೆಟ್ ಹಾಲಿನ ಗಡಿಯಾರ ಯಾವಾಗಲೂ ಅರ್ಧ ಗಂಟೆ ಮುಂದೆ ಇರುತ್ತಿತ್ತು. ಅದು ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಇಟ್ಟದ್ದು. ಇದು ಗೊತ್ತಿಲ್ಲದ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ನಂಬಿ, ನಮ್ಮ ವಸತಿ ಇದ್ದ ಹಮದ್ ಟೌನಿಗೆ ಹೋಗುವ ಸ್ಟಾಫ್ ಬಸ್ಸಿಗೆ ಅರ್ಧ ಗಂಟೆ ಮುಂಚೆ ಹೋಗಿ, ಜೂನ್ ತಿಂಗಳ ಬಿಸಿಲಿನಲ್ಲಿ ನಿಂತು ಬೆಂದೆ.

ಮರುದಿನ ಆ ಗಡಿಯಾರದ ಯಜಮಾನ ಯಾರೆಂದು ವಿಚಾರಿಸಿ, ಜಗಳ ಮಾಡಲೆಂದೇ ಮೇಲೆ ಹತ್ತಿದೆ. ಅಲ್ಲಿ ಐವತ್ತು ದಾಟಿದ ಒಬ್ಬರು ಕಪ್ಪು ಕೋಟು ತೊಟ್ಟು, ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಅರವತ್ತು ಜನ ಕೂರುವ ಮೇಜಿನ ಮೇಲಿನ ಲೋಟಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ತಲೆ ಎತ್ತಿ, ಈ ಮೇಜುಬಟ್ಟೆಗೆ ಇಸ್ತ್ರಿ ಹಾಕಿದ್ದು ನೀವಾ ಎಂದು ಕೇಳಿದರು. ಹೌದು ಎಂದೆ. ಬಟ್ಟೆಯ ನಡುಗೆರೆ ಮೇಜಿನ ನಡುವಿಗೆ ಸರಿಯಾಗಿ ಬಂದದ್ದನ್ನು ಕಾಣದೆ ವರ್ಷಗಳೇ ಆದವು ಎಂದರು. ಹೊಗಳಿದವರ ಹತ್ತಿರ ಜಗಳ ಮಾಡುವ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

ಅವರು ಹೋಟೆಲಿನ ಬ್ಯಾಂಕ್ವೆಟ್ ಕ್ಯಾಪ್ಟನ್. ದೊಡ್ಡ ದೊಡ್ಡ ಊಟಗಳಿಗೆ ಮೇಜು ಇಡಿಸುವುದು, ಬಡಿಸುವವರನ್ನು ನಡೆಸುವುದು ಅವರ ಕೆಲಸ. ಮಂಗಳೂರಿನ ಕಡೆಯ ಬ್ಯಾರಿ ಮುಸ್ಲಿಮರು, ಮನೆಮಾತು ಬ್ಯಾರಿ ಭಾಷೆ. ನಾನು ಕುಂದಾಪುರದ ಕಡೆಯವಳು, ಬೇಸ್‌ಮೆಂಟಿನ ಲಿನನ್ ರೂಮಿನಲ್ಲಿ ಮೇಜುಬಟ್ಟೆ, ನ್ಯಾಪ್ಕಿನ್‌ಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಮೇಲೆ ಕಳಿಸುವವಳು. ನಾನು ಅವರನ್ನು ಸಾಹೇಬ್ರೆ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಇಲ್ಲಿ ಬರೆಯುವುದಿಲ್ಲ. ಮೇಜು ಇಟ್ಟವನ ಹೆಸರು ಅತಿಥಿಗೆ ಗೊತ್ತಾಯಿತೆಂದರೆ ಎಲ್ಲೋ ಏನೋ ತಪ್ಪಾಗಿದೆ ಎಂದು ಅರ್ಥ, ಹೀಗೆಂದವರು ಅವರೇ.

ಗಡಿಯಾರದ ಕತೆಯನ್ನು ಅವತ್ತೇ ಹೇಳಿದರು. ಇಂಗ್ಲೆಂಡಿನ ಒಬ್ಬ ರಾಜ ತನ್ನ ಹಳ್ಳಿಯ ಅರಮನೆಯ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದೆ ಇಡಿಸಿದ್ದನಂತೆ. ಚಳಿಗಾಲದ ಗಿಡ್ಡ ಹಗಲಿನಲ್ಲಿ ಬೇಟೆಗೆ ಬೆಳಕು ಸಾಲಲಿ ಎಂದು. ಹೊರಗಿನ ದೇಶಕ್ಕೆಲ್ಲ ಒಂದು ಗಂಟೆ, ಆ ಕಾಂಪೌಂಡಿನ ಒಳಗೆ ಮಾತ್ರ ಬೇರೆ. ನಮ್ಮ ಹಾಲಿನಲ್ಲಿಯೂ ಹಾಗೆ.

"ಅರ್ಧ ಗಂಟೆ ಕೈಯಲ್ಲಿ ಉಂಟು ಅಂತ ಗೊತ್ತಿದ್ದವನು ಓಡುವುದಿಲ್ಲ ತಂಗಿ," ಎಂದರು. "ಓಡುವವನ ಕೈಯಿಂದಲೇ ಲೋಟ ಬೀಳುವುದು."

ಈ ಅರಮನೆಯ ಹುಚ್ಚು ಅವರಿಗೆ ತಂದೆಯಿಂದ ಬಂದದ್ದು. ಇದೇ ಜುಫೈರಿನಲ್ಲಿ ಹಿಂದೆ ಬ್ರಿಟಿಷ್ ನೌಕಾಪಡೆಯ ಠಾಣೆ ಇತ್ತು. ಅಲ್ಲಿನ ಅಧಿಕಾರಿಗಳ ಮೆಸ್ಸಿನಲ್ಲಿ ಅವರ ತಂದೆ ಮೇಜು ಇಡುತ್ತಿದ್ದರು. ಬ್ರಿಟಿಷರು ಗಂಟುಮೂಟೆ ಕಟ್ಟಿದಾಗ ತಂದೆಗೆ ಉಳಿದದ್ದು ಹದಿನೆಂಟು ಇಂಚಿನ ಒಂದು ಸಾಗುವಾನಿ ಕೋಲು ಮತ್ತು ತಲೆ ತುಂಬ ಕ್ರಮಗಳು. ಎರಡನ್ನೂ ಮಗನಿಗೆ ಕೊಟ್ಟರು. ಮಗ ಉಳಿದದ್ದನ್ನು ಹೋಟೆಲಿನ ಕೋಣೆಗಳಲ್ಲಿ ಅತಿಥಿಗಳು ಬಿಟ್ಟುಹೋದ ಪತ್ರಿಕೆಗಳಿಂದ ಓದಿ ಕಲಿತರು. ಇಂಗ್ಲೆಂಡನ್ನು ಅವರು ಕಂಡವರಲ್ಲ. ಆದರೆ ವಿಂಡ್ಸರ್ ಕೋಟೆಯ ಊಟದ ಮೇಜು ಎಷ್ಟು ಉದ್ದವೆಂದರೆ ಅದರ ನಡುವನ್ನು ಉಜ್ಜಲು ಆಳುಗಳು ಕಾಲಿಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಮೇಲೆಯೇ ನಡೆಯಬೇಕು ಎಂಬುದನ್ನು ನಿನ್ನೆ ಸಂಜೆ ತಾನೇ ಉಜ್ಜಿ ಬಂದವರಂತೆ ಹೇಳುತ್ತಿದ್ದರು.

ಅರಮನೆಯ ಔತಣದಲ್ಲಿ ಒಬ್ಬೊಬ್ಬ ಅತಿಥಿಗೆ ಹದಿನೆಂಟು ಇಂಚು ಜಾಗ. ಅಳತೆಕೋಲು ಇಟ್ಟು ಅಳೆದೇ ತಟ್ಟೆ ಇಡುತ್ತಾರೆ. ಸಾಹೇಬರೂ ಅಷ್ಟೇ. ಲಗ್ನದ ಊಟವಿರಲಿ, ಸಿಮೆಂಟ್ ಕಂಪನಿಯ ಮೀಟಿಂಗ್ ಇರಲಿ, ಕೋಲು ಬರದೆ ತಟ್ಟೆ ಬರುವಂತಿಲ್ಲ. ಬಡಿಸುವವರು ಹಿಂದಿನಿಂದ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಒಂದು ದಿನ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ನೀರಿನ ಲೋಟ ತೆಗೆಯಿರಿ ಎಂದರು. ಕೈ ಚಾಚಿದೆ, ಲೋಟ ಕೈಗೆ ಬಂತು.

"ಅತಿಥಿ ಕೈ ಚಾಚಬೇಕು, ಮೈ ಚಾಚಬಾರದು," ಎಂದರು. ಅವರ ಇಡೀ ವಿದ್ಯೆ ಈ ಒಂದು ಮಾತಿನಲ್ಲಿತ್ತು. ಉಳಿದದ್ದೆಲ್ಲ ಅದರ ಮೇಲಿನ ಇಸ್ತ್ರಿ.

ತಟ್ಟೆ ತೊಳೆಯುವವರಿಂದ ಹಿಡಿದು ಜನರಲ್ ಮ್ಯಾನೇಜರ್‌ವರೆಗೆ ಎಲ್ಲರಿಗೂ ನೀವು. ಹಿಂದಿಯಲ್ಲಾದರೆ ಆಪ್. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ, ವೈನಿನ ಲೋಟಗಳನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದರು. ಇದೆಂಥದು ಎಂದು ನಾನು ಕೆಣಕಿದರೆ, ಲೋಟ ಇಡುವುದು ನನ್ನ ಕೆಲಸ, ಅದಕ್ಕೆ ಏನು ಬೀಳ್ತದೆ ಎಂಬುದು ಸುರಿಯುವವರ ಮತ್ತು ದೇವರ ನಡುವಿನ ಮಾತು ಎನ್ನುತ್ತಿದ್ದರು. ಬಾಟಲಿಯನ್ನು ಅವರು ಮುಟ್ಟಿದ್ದನ್ನು ಯಾರೂ ನೋಡಿಲ್ಲ.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಇನ್ನೂರು ವರ್ಷ ನಮ್ಮನ್ನು ಆಳಿದ್ದು ಸಾಲದೆಂದು ಆ ರಾಣಿಯ ಚಾಕರಿ ನೀವು ಇಲ್ಲಿ ಕೂತು ಮಾಡುತ್ತೀರಾ ಎಂದು ಒಮ್ಮೆ ಮುಖಕ್ಕೇ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. ಕೊಹಿನೂರು ವಾಪಸು ಕೊಡಲಿ ಅಂತ ನಾನೂ ಹೇಳ್ತೇನೆ ಎಂದರು. ಆಮೇಲೆ, ಕದ್ದವನ ಮನೆಯಲ್ಲಿಯೂ ಅಡಿಗೆ ರುಚಿ ಇರಬಹುದು, ರುಚಿ ಉಂಟು ಅಂತ ಹೇಳಿದರೆ ಕಳ್ಳತನ ಒಪ್ಪಿದ ಹಾಗಾಗುವುದಿಲ್ಲ ಎಂದರು.

ಇನ್ನೊಂದು ದಿನ, ಆ ರಾಣಿಗೆ ಪಾಸ್‌ಪೋರ್ಟೇ ಇಲ್ಲ ಎಂದರು. ಅಲ್ಲಿನ ಪಾಸ್‌ಪೋರ್ಟುಗಳೆಲ್ಲ ಅವಳ ಹೆಸರಿನಲ್ಲೇ ಕೊಡುವುದು, ತನಗೆ ತಾನೇ ಕೊಟ್ಟುಕೊಳ್ಳುವುದು ಹೇಗೆ, ಹಾಗಾಗಿ ಇಲ್ಲ. ನಮ್ಮ ಪಾಸ್‌ಪೋರ್ಟುಗಳು ಆಗ ಕಂಪನಿಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. "ಅವಳ ಕೈಯಲ್ಲೂ ಇಲ್ಲ, ನಮ್ಮ ಕೈಯಲ್ಲೂ ಇಲ್ಲ. ಈಗ ಸಮ ಸಮ ಆಯ್ತಲ್ಲ," ಎಂದು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದರು.

ಆ ವರ್ಷದ ಚಳಿಗಾಲದಲ್ಲಿ ನಮ್ಮ ಹಾಲಿನಲ್ಲಿ ಬ್ರಿಟಿಷ್ ನೌಕಾಧಿಕಾರಿಗಳ ಒಂದು ಊಟ ಇತ್ತು. ಊಟದ ಕೊನೆಗೆ ರಾಣಿಯ ಹೆಸರಿನಲ್ಲಿ ಲೋಟ ಎತ್ತುವ ಕ್ರಮ. ದೊಡ್ಡ ಕಾಲೇಜಿನಲ್ಲಿ ಕಲಿತು ಹೊಸದಾಗಿ ಬಂದಿದ್ದ ಮ್ಯಾನೇಜರ್, ಆ ಹೊತ್ತಿಗೆ ಎಲ್ಲರೂ ಏಳುತ್ತಾರೆ, ಬಡಿಸುವವರು ಹಿಂದೆ ನಿಂತು ಕುರ್ಚಿ ಎಳೆಯಬೇಕು ಎಂದು ಪಾಠ ಮಾಡಿದರು. ಸಾಹೇಬರು ಮೆಲ್ಲಗೆ, ಸೈನ್ಯದವರು ಏಳುತ್ತಾರೆ, ಹಡಗಿನವರು ಕೂತೇ ಕುಡಿಯುತ್ತಾರೆ ಎಂದರು. ಹಳೆಯ ಹಡಗುಗಳ ಒಳಮಾಡು ತಗ್ಗು, ಎದ್ದರೆ ತಲೆಗೆ ಪೆಟ್ಟು, ಹಾಗಾಗಿ ಅವರಿಗೆ ಹಿಂದಿನಿಂದಲೂ ವಿನಾಯಿತಿ. ಇಲ್ಲಿ ಮಾಡು ತಗ್ಗಿಲ್ಲವಲ್ಲ ಎಂದು ಮ್ಯಾನೇಜರ್ ನಕ್ಕರು. ನಾನು ನ್ಯಾಪ್ಕಿನ್ ಟ್ರಾಲಿ ಹಿಡಿದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಲೋಟಗಳು ಎದ್ದವು, ಬಡಿಸುವವರು ಕುರ್ಚಿ ಎಳೆದರು, ಕುರ್ಚಿ ಬರಲಿಲ್ಲ. ಅದರ ಮೇಲೆ ಎಂಬತ್ತು ಕಿಲೋದ ಒಬ್ಬೊಬ್ಬ ಅಧಿಕಾರಿ ನೆಟ್ಟಗೆ ಕೂತಿದ್ದ. ಸಾಹೇಬರು ನಿಂತಿದ್ದ ಕಡೆಯ ಬಡಿಸುವವರು ಮಾತ್ರ ಕೈಕಟ್ಟಿ ನಿಂತಿದ್ದರು. ಅವತ್ತಿನಿಂದ ಪ್ರತಿ ಊಟಕ್ಕೆ ಮುಂಚೆ ಆ ಮ್ಯಾನೇಜರ್ ಸಾಹೇಬರನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಸಾಹೇಬರು ಒಂದು ದಿನವೂ ನಾನು ಹೇಳಿದ್ದೆ ಎನ್ನಲಿಲ್ಲ. ನಾನಾಗಿದ್ದರೆ ದಿನಕ್ಕೆ ಎರಡು ಸಲ ಹೇಳುತ್ತಿದ್ದೆ.

ಈಗ ಒತ್ತೆಯಾಳಿನ ಕತೆ. ನವೆಂಬರಿನ ಒಂದು ಮಧ್ಯಾಹ್ನ ಸ್ಟಾಫ್ ಕ್ಯಾಂಟೀನಿನ ಟೀವಿಯಲ್ಲಿ ರಾಣಿಯ ಸಾರೋಟು ಪಾರ್ಲಿಮೆಂಟಿಗೆ ಹೋಗುವುದನ್ನು ತೋರಿಸುತ್ತಿದ್ದರು. ನಮ್ಮವರಿಗೆಲ್ಲ ಕುದುರೆಗಳ ಮೇಲೆ ಕಣ್ಣು. ಸಾಹೇಬರು ಮಾತ್ರ, ಈ ಹೊತ್ತಿಗೆ ಅರಮನೆಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ, ಅವನನ್ನು ಯಾರೂ ತೋರಿಸುವುದಿಲ್ಲ ಎಂದರು. ಬಹಳ ಹಿಂದೆ ಒಬ್ಬ ರಾಜನಿಗೂ ಪಾರ್ಲಿಮೆಂಟಿಗೂ ಜಗಳವಾಗಿ ರಾಜನ ತಲೆಯೇ ಹೋಯಿತು. ಆ ಹೆದರಿಕೆಯಿಂದ ಉಳಿದು ಬಂದ ಕ್ರಮ ಇದು. ರಾಣಿ ಪಾರ್ಲಿಮೆಂಟಿಗೆ ಹೊರಡುವ ಮೊದಲು ಅಲ್ಲಿನ ಒಬ್ಬ ಸದಸ್ಯ ಬಕಿಂಗ್‌ಹ್ಯಾಮ್ ಅರಮನೆಗೆ ಬಂದು ಒತ್ತೆಯಾಳಾಗಿ ಕೂರಬೇಕು. ರಾಣಿ ಕ್ಷೇಮವಾಗಿ ಹಿಂತಿರುಗಿದ ಮೇಲೆಯೇ ಅವನಿಗೆ ಬಿಡುಗಡೆ.

ಪಾಪ ಎಂದೆ ನಾನು.

"ಎಂತ ಪಾಪ? ಅವನಿಗೆ ಚಹಾ ಕೊಡ್ತಾರೆ, ಕುಡಿಯುವವನಾದರೆ ಬೇರೆಯೂ ಕೊಡ್ತಾರೆ, ಓದ್ಲಿಕ್ಕೆ ಪೇಪರ್ ಕೊಡ್ತಾರೆ," ಎಂದರು. "ಅವನು ಅಲ್ಲಿ ಕೂತದ್ದಕ್ಕೆ ಅಲ್ವಾ ಇವಳು ಧೈರ್ಯದಲ್ಲಿ ಹೋಗಿ ಬರುವುದು? ಹೋಗುವವರ ಸಾರೋಟು ಎಲ್ಲರಿಗೂ ಕಾಣ್ತದೆ. ಕೂತವನದ್ದೇ ನಿಜವಾದ ಕೆಲಸ."

ಫೆಬ್ರವರಿಯಲ್ಲಿ ಅಣ್ಣ ಫೋನ್ ಮಾಡಿದ. ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿದೆ, ಬಲಗೈ ಮಾತ್ರ ಆಡುತ್ತದೆ, ಮಾತು ತೊದಲು, ಬದುಕಿರುವಾಗಲೇ ಬಂದು ಮುಖ ನೋಡು ಎಂದ. ನಾನು ಬಂದು ಎಂಟು ತಿಂಗಳಾಗಿತ್ತು. ಎರಡು ವರ್ಷ ಮುಗಿಯುವ ಮೊದಲು ತುರ್ತು ರಜೆ ಬೇಕಾದರೆ ನಮ್ಮನ್ನು ಒದಗಿಸಿದ ಕಂಪನಿಯಲ್ಲಿ ಒಂದು ನಿಯಮ ಇತ್ತು. ಇನ್ನೊಬ್ಬ ಕೆಲಸಗಾರ ಜಾಮೀನು ನಿಲ್ಲಬೇಕು. ಹೋದವರು ಬಂದು ಎದುರು ನಿಲ್ಲುವ ತನಕ ಜಾಮೀನುದಾರರ ಪಾಸ್‌ಪೋರ್ಟ್ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ, ಅವರ ಊರಿನಲ್ಲಿ ಏನೇ ನಡೆಯಲಿ. ನನ್ನ ರೂಮಿನ ಹುಡುಗಿಯರನ್ನು ಕೇಳುವ ಮುಖ ನನಗಿರಲಿಲ್ಲ. ಎಂಟು ತಿಂಗಳ ಗುರುತಿಗೆ ಯಾರು ಕುತ್ತಿಗೆ ಕೊಡುತ್ತಾರೆ?

ಸಾಹೇಬರು ಕೆಳಗೆ ಬಂದು, ನಡೀರಿ, ಸೀಫಿನ ಕಂಪನಿ ಆಫೀಸಿಗೆ ಹೋಗಿ ಬರುವ, ಜಾಮೀನು ನಾನು ನಿಲ್ತೇನೆ ಎಂದರು. ನಾನು ಆಗುವುದಿಲ್ಲ ಎಂದೆ. ಯಾಕೆಂದರೆ ಅವರ ಒಬ್ಬಳೇ ಮಗಳ ಮದುವೆ ಅಲ್ಲಿಂದ ನಾಲ್ಕನೆಯ ವಾರದ ಆದಿತ್ಯವಾರ ಊರಿನಲ್ಲಿ ಇತ್ತು. ಆಮಂತ್ರಣ ಕ್ಯಾಂಟೀನಿನ ಬೋರ್ಡಿನಲ್ಲಿ ಅಂಟಿತ್ತು, ಅವರ ರಜೆ ಮಂಜೂರಾಗಿತ್ತು, ಟಿಕೆಟ್ ಆಗಿತ್ತು. ನಾನು ಬರುವುದು ತಪ್ಪಿದರೆ ಮಗಳ ಮದುವೆಗೆ ಅಪ್ಪ ಇಲ್ಲ.

"ನೀವು ಹೋಗುವುದು ಮೂರು ವಾರಕ್ಕೆ. ಮದುವೆ ಅದರ ನಂತರ," ಎಂದರು. "ಬರ್ತೀರಿ ಅಂತ ನನಗೆ ಗೊತ್ತುಂಟು. ನಡುಗೆರೆ ಸರಿ ಇಡುವವರು ತಾರೀಕು ತಪ್ಪಿಸುವುದಿಲ್ಲ."

ಸೀಫಿನ ಆಫೀಸಿನಲ್ಲಿ ಪಾಸ್‌ಪೋರ್ಟ್ ವೀಸಾಗಳನ್ನು ನೋಡಿಕೊಳ್ಳುವ ಮಂದೂಬ್ ಕುಳಿತಿದ್ದರು. ಆ ಊರಿನವರೇ, ದೊಡ್ಡ ಹೊಟ್ಟೆಯ ಒಳ್ಳೆಯ ಮನುಷ್ಯ. ಅವರು ಅರಬ್ಬಿ ಬೆರೆಸಿದ ಹಿಂದಿಯಲ್ಲಿ ಸಾಹೇಬರಿಗೆ ಬುದ್ಧಿ ಹೇಳಿದರು. ಈ ಹೆಂಗಸು ನಿನ್ನ ನೆಂಟಳಲ್ಲ, ನಿನ್ನ ಜಾತಿಯವಳಲ್ಲ, ಊರು ಸೇರಿದ ಮೇಲೆ ತಾಯಿಯ ಕಾಲು ಹಿಡಿದು ಅಲ್ಲೇ ಉಳಿದರೆ ಏನು ಮಾಡುತ್ತಿ ಎಂದರು. ನನ್ನ ಎದುರೇ ಕೇಳಿದರು, ಕೇಳಿದ್ದು ನ್ಯಾಯವಾಗಿತ್ತು. ಸಾಹೇಬರು ಸಹಿ ಹಾಕಿದರು. ಹಾಕಿ ಪೆನ್ನನ್ನು ಕಾಗದಕ್ಕೆ ಸಮವಾಗಿ ಇಟ್ಟು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ, ಒತ್ತೆಯಾಳಿಗೆ ಚಹಾ ಇಲ್ವಾ ಎಂದು ಹಿಂದಿಯಲ್ಲಿ ಕೇಳಿದರು. ಮಂದೂಬರಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು. ನಮ್ಮ ಮೂವರಿಗೂ ಸಣ್ಣ ಸಣ್ಣ ಲೋಟಗಳಲ್ಲಿ ಬಂತು. ನನ್ನದನ್ನು ನಾನು ಹಾಗೆಯೇ ಬಿಟ್ಟು ಎದ್ದೆ.

ಊರಿನಲ್ಲಿ ಅಮ್ಮ ಮಂಚಕ್ಕೆ ಅಂಟಿಕೊಂಡಿದ್ದಳು. ಗದ್ದೆ ನೆಟ್ಟಿ ಮಾಡಿ ನಮ್ಮಿಬ್ಬರನ್ನು ಸಾಕಿದ ಹೆಂಗಸು, ಈಗ ಮಗ್ಗುಲಾಗಲು ಇನ್ನೊ‌ಬ್ಬರು ಬೇಕು. ಅಣ್ಣ ಹಗಲೆಲ್ಲ ರಿಕ್ಷಾ ಓಡಿಸಬೇಕು, ಅತ್ತಿಗೆಗೆ ಬೀಡಿ ಕಟ್ಟುವುದು, ಮನೆ, ಮಕ್ಕಳು. ನಾನು ಬಂದ ಮೇಲೆ ಅಮ್ಮ ನಾಲ್ಕು ಚಮಚ ಗಂಜಿ ಹೆಚ್ಚು ಕುಡಿದಳು. ಡಾಕ್ಟರು ಒಂದು ವಾರವೂ ಆಗಬಹುದು, ಎರಡು ತಿಂಗಳೂ ಆಗಬಹುದು ಎಂದರು. ನಾನು ಮದುವೆಯಾದವಳಲ್ಲ. ಮದುವೆ ನನ್ನ ಜಾತಕದಲ್ಲಿ ಬರೆದಿರಲಿಲ್ಲ, ಬರೆದಿದ್ದರೂ ನಾನು ಓದಿರಲಿಲ್ಲ. ನನ್ನವರು ಎಂದು ಇದ್ದದ್ದು ಆ ಮಂಚದ ಮೇಲಿನ ಒಬ್ಬಳು. ಹದಿನೆಂಟನೆಯ ದಿನ, ನಾನಿನ್ನು ಹೋಗುವುದಿಲ್ಲ ಎಂದು ಅಣ್ಣನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಸಾಹೇಬರಿಗೆ ಫೋನ್ ಮಾಡಿದೆ.

ಅಮ್ಮನ ಸ್ಥಿತಿ ಹೇಳಿದೆ. ಮುಂದಿನದ್ದು ಹೇಳಲು ಬಾಯಿ ಬರಲಿಲ್ಲ, ಆದರೆ ಅವರಿಗೆ ತಿಳಿಯಿತು.

"ಒತ್ತೆಯಾಳಿಗೆ ಇಲ್ಲಿ ಏನೂ ಕಮ್ಮಿ ಇಲ್ಲ ತಂಗಿ, ಹೊತ್ತು ಹೊತ್ತಿಗೆ ಚಹಾ ಉಂಟು," ಎಂದರು. "ನೀವು ತಾಯಿಯನ್ನು ನೋಡಿಕೊಳ್ಳಿ."

ಮದುವೆಯ ಸುದ್ದಿ ಎತ್ತಲಿಲ್ಲ. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತು. ನಾನು ಫೋನ್ ಇಟ್ಟು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ. ಬೇಗ ಬನ್ನಿ ಎಂದು ಒಂದು ಮಾತು ಗದರಿದ್ದರೆ ನನಗೂ ಸಿಟ್ಟು ಮಾಡಿಕೊಂಡು ಇಲ್ಲೇ ಉಳಿಯಲು ಸುಲಭವಾಗುತ್ತಿತ್ತು.

ಫೋನಿನ ಮಾತೂ ಆಮೇಲೆ ಅಣ್ಣನ ಹತ್ತಿರ ಮದುವೆಯೆಂದು ಅಂದದ್ದೂ ಅಮ್ಮನ ಕಿವಿಗೆ ಬಿದ್ದಿತ್ತು. ಕಿವಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಸಂಜೆ ಗಂಜಿ ಕುಡಿಸುವಾಗ ಚಮಚವನ್ನು ಬಲಗೈಯಿಂದ ತಡೆದು, ಯಾರದು ಮದುವೆ ಎಂದು ತೊದಲುತ್ತ ಕೇಳಿದಳು. ಸುಳ್ಳು ಹೇಳಲು ನೋಡಿದೆ, ಆಗಲಿಲ್ಲ. ಎಲ್ಲ ಹೇಳಿದೆ. ನನ್ನ ಬದಲಿಗೆ ಅಲ್ಲಿ ಒಬ್ಬರು ಒತ್ತೆ ಕೂತಿದ್ದಾರೆ, ನಾನು ಹೋಗದಿದ್ದರೆ ಅವರು ಮಗಳ ಮದುವೆಗೆ ಹೋಗುವ ಹಾಗಿಲ್ಲ ಎಂದೆ.

"ಹಂಗಾರೆ ನೀ ಹೋಯ್ಕ್," ಎಂದಳು. ಆಮೇಲೆ ಒಂದೊಂದೇ ಮಾತನ್ನು ಎಳೆದು ತಂದಳು. "ನಾ ಸಾಯುಕೆ ಯಾರ್ದೂ ಅಡ್ಡಿ ಇಲ್ಲೆ. ಅವ್ರ್ ಮನಿ ಮದಿಗೆ ನೀ ಅಡ್ಡ ಆಪುಕಾಗ."

ಮತ್ತೆ ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ, ಚೀಲ ಕಟ್ಟುವ ತನಕ. ಹಟದಲ್ಲಿ ನಾನು ಯಾರ ಮಗಳು ಎಂದು ಯಾರೂ ಕೇಳುವ ಅಗತ್ಯವಿಲ್ಲ.

ರಜೆಯ ಕೊನೆಯ ದಿನ ಬೆಳಿಗ್ಗೆ ಮುಹರಕ್ಕಿನ ಏರ್‌ಪೋರ್ಟಿನಲ್ಲಿ ಇಳಿದೆ. ನೇರವಾಗಿ ಹೋಟೆಲಿಗೆ ಬಂದು, ಬಂದೆ ಸಾಹೇಬ್ರೆ, ಈಗಲೇ ಸೀಫಿಗೆ ಹೋಗುವ ಎಂದು ಹೆಮ್ಮೆಯಿಂದ ನಿಂತೆ. ಅವರು ನನ್ನ ಮುಖ ನೋಡಿ, ತಂಗಿ, ಇವತ್ತು ಗುರುವಾರ ಎಂದರು. ಆಗ ಅಲ್ಲಿ ಆಫೀಸುಗಳಿಗೆ ಗುರುವಾರ, ಶುಕ್ರವಾರ ರಜೆ. ಎಂಟು ತಿಂಗಳು ಅಲ್ಲಿ ಉಂಡವಳು ಮೂರು ವಾರ ಊರಿನಲ್ಲಿದ್ದು ವಾರ ಮುಗಿಯುವುದು ಆದಿತ್ಯವಾರ ಎಂದೇ ಟಿಕೆಟ್ ಮಾಡಿಸಿದ್ದೆ. ಪೆಟ್ಟಿಗೆ ತೆರೆಯುವುದು ಶನಿವಾರ, ಅವರ ವಿಮಾನ ಶುಕ್ರವಾರ ಸಂಜೆ, ಮದುವೆ ಆದಿತ್ಯವಾರ. ಅಮ್ಮನನ್ನು ಬಿಟ್ಟು ಬಂದದ್ದೂ ದಂಡವಾಯಿತಲ್ಲ ಎಂದು ನಾನು ಮೇಜುಬಟ್ಟೆಗಳ ರಾಶಿಯ ಮೇಲೆ ಕೂತು ಅತ್ತೆ. ಸಾಹೇಬರು ಎದುರಿನ ಸ್ಟೂಲಿನಲ್ಲಿ ಕೂತರು. ಬಟ್ಟೆಗೆ ನೀರು ಬೀಳಿಸಬೇಡಿ, ಇನ್ನೊಮ್ಮೆ ಇಸ್ತ್ರಿ ಮಾಡುವುದು ನೀವೇ ಎಂದರು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿದ ಮಂದೂಬ್ ಬಿಳಿ ತೋಬ್ ನಿಲುವಂಗಿಯಲ್ಲೇ ಬಂದು, ನಮ್ಮಿಬ್ಬರಿಗಾಗಿ ಆಫೀಸು ತೆರೆದರು. ಸಾಹೇಬರು ಅದೇನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ. ಮಂದೂಬ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಂದಳಲ್ಲ, ಖಲಾಸ್ ಎಂದರು. ನನ್ನ ಪಾಸ್‌ಪೋರ್ಟ್ ಒಳಗೆ ಹೋಯಿತು, ಅವರದ್ದು ಹೊರಗೆ ಬಂತು. ಸಾಹೇಬರು ಅದನ್ನು ಕೋಟಿನ ಒಳಜೇಬಿಗೆ ಹಾಕಿ ಎರಡು ಸಲ ತಟ್ಟಿ ನೋಡಿಕೊಂಡರು. ಬಾಗಿಲು ದಾಟುವಾಗ ಮತ್ತೊಮ್ಮೆ ತಟ್ಟಿದರು. ಅಷ್ಟು ದಿನ ಅವರು ಎಷ್ಟು ಹೆದರಿದ್ದರು ಎಂಬುದು ನನಗೆ ತಿಳಿದದ್ದು ಆ ಒಂದು ಗಳಿಗೆಯಲ್ಲಿ.

ಒಂದು ತಿಂಗಳ ನಂತರ ಹಿಂತಿರುಗಿ ಬಂದು, ಮದುವೆಯ ಸಿಹಿ ಹಿಡಿದುಕೊಂಡು ಲಿನನ್ ರೂಮಿಗೆ ಇಳಿದರು. ಮದುವೆ ಚೆನ್ನಾಗಿ ಆಯಿತು, ಅಳಿಯ ಇಲ್ಲೇ ಪಕ್ಕದ ದೇಶದ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ ಎಂದರು. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಒರೆಸುತ್ತ, ನಿಮ್ಮ ತಾಯಿಯವರು ಗಂಜಿ ಕುಡಿದರು, ಅರ್ಧ ಲೋಟ, ಅವರೇ ಎತ್ತಿ ಕುಡಿದದ್ದು ಎಂದರು.

ಮದುವೆಯ ಗದ್ದಲ ಮುಗಿದ ಮರುದಿನ ಅವರು ಮಂಗಳೂರಿನಿಂದ ಬಸ್ಸು ಹತ್ತಿ, ವಿಳಾಸ ಕೇಳಿ ಕೇಳಿ, ನಮ್ಮ ಮನೆಗೆ ಹೋಗಿದ್ದರು. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನಲ್ಲಿ ರೂಮು ಮಾಡಿ, ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆಯ ತನಕ ಅಮ್ಮನ ಮಂಚದ ಪಕ್ಕ ಕೂತು ಬಂದಿದ್ದರು. ನನ್ನ ಅಣ್ಣ ಒಂದು ಮಾತು ಫೋನಿನಲ್ಲಿ ಹೇಳಿರಲಿಲ್ಲ. ಸಾಹೇಬರೇ ಬೇಡ ಎಂದಿದ್ದರಂತೆ.

ಯಾಕೆ ಹೋದಿರಿ ಎಂದು ಕೇಳಿದೆ. ಧನ್ಯವಾದ ಹೇಳಬೇಕಾದ ಕಡೆ ಜಗಳದ ಧ್ವನಿ ಬಂತು.

"ನನಗೋಸ್ಕರ ನೀವು ಎದ್ದು ಬಂದ ಕುರ್ಚಿ ಅಲ್ಲಿ ಖಾಲಿ ಇತ್ತಲ್ಲ," ಎಂದರು.

ಅಮ್ಮ ಅದಾಗಿ ಎರಡು ವಾರಕ್ಕೆ ತೀರಿಕೊಂಡಳು. ನಾನು ಹೋಗಲಿಲ್ಲ, ಹೋದರೂ ಬೂದಿಯೇ ಸಿಗುತ್ತಿತ್ತು. ಮಾರನೆಯ ವರ್ಷದ ರಜೆಯಲ್ಲಿ ಮನೆಗೆ ಹೋದಾಗ ಮಂಚ ತೆಗೆದಿದ್ದರು. ಅದರ ಪಕ್ಕದಲ್ಲಿದ್ದ ಮರದ ಸ್ಟೂಲು ಮಾತ್ರ ಇತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ನಾಲ್ಕು ಗುರುತುಗಳು. ಒಂದು ಲೋಟಕ್ಕೆ, ಒಂದು ಮಾತ್ರೆಯ ಡಬ್ಬಿಗೆ, ಒಂದು ಒರೆಸುವ ಬಟ್ಟೆಗೆ, ಒಂದು ಕರೆಯುವ ಗಂಟೆಗೆ. ಆ ಗುರುತಿನ ಮೇಲೆಯೇ ಇಡಬೇಕು, ಆಚೆ ಈಚೆ ಆಗಬಾರದು ಎಂದು ಅವರು ಮಕ್ಕಳಿಗೆಲ್ಲ ಹೇಳಿ ಹೋಗಿದ್ದರಂತೆ. ಆಮೇಲೆ ಕಡೆಯ ದಿನದವರೆಗೂ ಅಮ್ಮ ನೀರಿಗೆ ಯಾರನ್ನೂ ಕರೆಯಲಿಲ್ಲ. ಗೆರೆ ಒರೆಸುಕೆ ಮನಸ್ಸು ಬರ್ಲಿಲ್ಲ ಎಂದಳು ಅತ್ತಿಗೆ. ನಾನು ಆ ಸ್ಟೂಲಿನ ಎದುರು ಕೂತು ಕಣ್ಣು ಮುಚ್ಚಿ ಬಲಗೈ ಚಾಚಿದೆ. ಕೈ ಲೋಟದ ಗುರುತಿನ ಮೇಲೆಯೇ ಹೋಗಿ ನಿಂತಿತು.

ಅವರು ನಿವೃತ್ತರಾಗಿ ಹೊರಟದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಹೊರಡುವ ದಿನ ಏಣಿ ಹಾಕಿಸಿ, ತಾವೇ ಹತ್ತಿ, ಹಾಲಿನ ಗಡಿಯಾರವನ್ನು ಅರ್ಧ ಗಂಟೆ ಹಿಂದೆ ತಿರುಗಿಸಿದರು. ಆ ಹಳ್ಳಿಯ ಅರಮನೆಯಲ್ಲಿಯೂ ಹಾಗೆಯೇ ಆಯಿತಂತೆ, ಮೊಮ್ಮಗ ರಾಜನಾದ ಕೂಡಲೇ ಗಡಿಯಾರಗಳನ್ನೆಲ್ಲ ಸರಿ ಮಾಡಿಸಿದನಂತೆ. ನಂತರ ಬಂದವನಿಗೆ ನನ್ನ ಹುಚ್ಚು ಬೇಡ ಎಂದರು. ಅದರ ಮಾರನೆಯ ದಿನದ ಊಟಕ್ಕೆ ಅತಿಥಿಗಳು ಬಂದಾಗ ಅರ್ಧ ಮೇಜಿಗೆ ಇನ್ನೂ ತಟ್ಟೆ ಲೋಟ ಇಟ್ಟಿರಲಿಲ್ಲ. ಎಲ್ಲರ ಕೈಗೂ ಆ ಅರ್ಧ ಗಂಟೆ ಅಭ್ಯಾಸವಾಗಿಹೋಗಿತ್ತು. ವಾರದೊಳಗೆ ಗಡಿಯಾರ ಮತ್ತೆ ಮುಂದೆ ಹೋಯಿತು, ಇವತ್ತಿಗೂ ಹಾಗೇ ಇದೆ.

ಈ ಸಲದ ರಜೆಗೆ ನಾನು ಊರಿಗೆ ಹೋಗಿ ಒಂದು ವಾರವಾಗಿತ್ತು. ಅವರ ಮಗಳು ದಮ್ಮಾಮಿನಿಂದ ಫೋನ್ ಮಾಡಿದಳು. ಅಪ್ಪನಿಗೆ ಕಾಯಿಲೆ ತೀರಾ ಜೋರಾಗಿದೆ, ತಾಯಿ ಒಬ್ಬರೇ, ತನಗೆ ದೇಶ ಬಿಡುವ ಎಕ್ಸಿಟ್ ಕಾಗದ ಆಗಲು ಎರಡು ಮೂರು ದಿನ ಬೇಕು ಎಂದು ಅತ್ತಳು. ನಾನು ಇದ್ದೇನೆ, ನೀನು ನಿಧಾನವಾಗಿ ಕಾಗದ ಮಾಡಿಸಿಕೊಂಡು ಬಾ ಎಂದೆ. ಮರುದಿನ ಬೆಳಿಗ್ಗೆ ಮಂಗಳೂರಿನ ಮೊದಲ ಬಸ್ಸಿಗೆ ಹೊರಟೆ.

ಅವರು ಕೋಟಿಲ್ಲದೆ ಇಷ್ಟು ಸಣ್ಣವರಾಗಿದ್ದಾರೆಂದು ನಾನು ಎಣಿಸಿರಲಿಲ್ಲ. ಕಿಟಕಿಯಲ್ಲಿ ಆ ಸಾಗುವಾನಿ ಕೋಲು ಇತ್ತು. ನಾನು ಮಂಚದ ಪಕ್ಕ ಸ್ಟೂಲು ಎಳೆದು, ಅವರ ಬಲಗೈಯನ್ನು ಕಣ್ಣಿನಲ್ಲೇ ಅಳೆದು, ಲೋಟ, ಮಾತ್ರೆ, ಟವೆಲು ಜೋಡಿಸಿಟ್ಟೆ. ಇಷ್ಟು ವರ್ಷ ಅವರ ಕೆಳಗೆ ಕಲಿತವಳು, ಕೋಲು ಬೇಕಾಗಲಿಲ್ಲ ಎಂದು ಒಳಗೊಳಗೆ ಬೀಗಿದೆ. ಸಾಹೇಬರು ಒಂದು ಕಣ್ಣು ಮುಚ್ಚಿದರು. ಇನ್ನೊಂದು ಕಣ್ಣಿನಿಂದ ಸ್ಟೂಲಿನ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಬೆರಳು ಚಾಚಿ ಲೋಟವನ್ನು ಅರ್ಧ ಇಂಚು ಒಳಗೆ ತಳ್ಳಿದರು. ನನಗೆ ಸಿಟ್ಟೂ ಬಂತು, ನಗುವೂ ಬಂತು, ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಮಗಳು ಬಂದಳು. ಏರ್‌ಪೋರ್ಟಿನಿಂದ ಬಂದ ಬುರ್ಖಾದಲ್ಲೇ ಒಳಗೆ ಓಡಿದಳು. ನಾನು ಕುರ್ಚಿಯಿಂದ ಎದ್ದೆ, ಅವಳು ಅದರಲ್ಲಿ ಕೂತು ಅಪ್ಪನ ಕೈ ಹಿಡಿದಳು. ಅವರು ಅವಳನ್ನು ಬಹಳ ಹೊತ್ತು ನೋಡಿದರು. ನಾನು ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿದ್ದೆ, ನಾಲ್ಕು ಗಂಟೆಯ ಬಸ್ಸಿತ್ತು. ಸಾಹೇಬರು ಕಣ್ಣಿನಿಂದ ಕೋಣೆಯೆಲ್ಲ ಹುಡುಕಿ ನನ್ನನ್ನು ಕಂಡರು. ಹೆಂಡತಿಯ ಕಡೆ ತಿರುಗಿ, ನನಗೆ ತಿಳಿಯಲೆಂದು ಕನ್ನಡದಲ್ಲಿಯೇ ಕೇಳಿದರು.

"ಇವರಿಗೆ ಚಹಾ ಆಯ್ತಾ?"

ಆಯ್ತು ಎಂದಿದ್ದರೆ ಬಸ್ಸು ಸಿಗುತ್ತಿತ್ತು. ಇಲ್ಲ ಎಂದೆ. ಅವರ ಹೆಂಡತಿ ಒಳಗೆ ಹೋಗಿ ಒಲೆ ಹಚ್ಚಿದರು. ನಾನು ಚೀಲ ಕೆಳಗಿಟ್ಟು, ಗೋಡೆಯ ಬದಿಯ ಬೆಂಚಿನಲ್ಲಿ ಕೂತು ಕಾದೆ.